ಲ್ಯಾಪ್‌ಟಾಪ್ ಕೈಕೊಟ್ಟಾಗ

(ಮಹಿಳಾ ಸಂಘಗಳ ಸದಸ್ಯರ ಮುಂದೆ ಮಾಡಿದ ಭಾಷಣ)





ದೇವದುರ್ಗದ ಕಡೆಯವರು ಬಂದಿದ್ದೀರಿ. ಮಾನ್ವಿ ಕಡೆಯವರು ಬಂದಿದ್ದೀರಿ. ರಾಯಚೂರು ನಗರದ ಓಣಿಗಳಿಂದಲೂ ಬಂದಿದ್ದೀರಿ. ಮನೆಗೆಲಸ ಮುಗಿಸಿ, ಹೊಲದ ಕೆಲಸ ಬಿಟ್ಟು ಬಂದಿದ್ದೀರಿ. ಬಹಳ ಸಂತೋಷ.

ಇವತ್ತು ನಾನು ಲ್ಯಾಪ್‌ಟಾಪ್ ಬಗ್ಗೆ ಮಾತಾಡುತ್ತೇನೆ. ಕೆಲವರು ನಗುತ್ತಿದ್ದೀರಿ. "ಈಗಷ್ಟೇ ಅಕ್ಷರ ಕಲ್ತೀವಿ. ನಮಗ್ಯಾಕ್ರೀ ಲ್ಯಾಪ್‌ಟಾಪ್ ಮಾತು?" ಅಂತ ಕೇಳಬಹುದು. ಕೇಳಬೇಕಾದ ಮಾತೇ. ಮೊದಲು ಅದಕ್ಕೆ ಉತ್ತರ ಹೇಳುತ್ತೇನೆ.

ನಮ್ಮ ಬದುಕು ಅದರೊಳಗೆ ಇದೆ

ಹಿಂದೆ ಹೊಲದ ಪಹಣಿ ಎಲ್ಲಿತ್ತು? ಶಾನುಭೋಗರ, ತಲಾಟಿಯವರ ಕೈಬರಹದ ಪುಸ್ತಕದಲ್ಲಿತ್ತು. 2000ದ ಸುಮಾರಿಗೆ 'ಭೂಮಿ' ಯೋಜನೆ ಬಂತು. ಪಹಣಿ ಕಂಪ್ಯೂಟರಿಗೆ ಹೋಯಿತು. ಆಮೇಲೆ ರೇಷನ್ ಕಾರ್ಡ್ ಹೋಯಿತು. ಪಿಂಚಣಿ ಹೋಯಿತು. 2023ರಲ್ಲಿ ಗೃಹಲಕ್ಷ್ಮಿ ಅರ್ಜಿ ಹಾಕಲು ಎಷ್ಟು ಜನ ಸಾಲಿನಲ್ಲಿ ನಿಂತಿದ್ದಿರಿ! ಆ ಅರ್ಜಿಯೂ ಕಂಪ್ಯೂಟರಿಗೇ ಹೋಯಿತು.

ಈಗ ನಮ್ಮ ಸಂಘದ ಲೆಕ್ಕವೂ ಹಾಗೆಯೇ. ಯಾರು ಎಷ್ಟು ಉಳಿತಾಯ ಕಟ್ಟಿದರು? ಯಾರು ಸಾಲ ತೆಗೆದರು? ಎಷ್ಟು ಕಂತು ತೀರಿತು? ಬಹಳ ಕಡೆ ಒಕ್ಕೂಟದ ಲ್ಯಾಪ್‌ಟಾಪಿನಲ್ಲಿ ಇದೆಲ್ಲ ಕೂತಿದೆ.

ಒಂದು ಊರು ಅಂತ ತಿಳಿಯೋಣ. ಬಿತ್ತನೆ ಕಾಲ. ಹತ್ತಿ ಬೀಜ ತರಬೇಕು. ಸಂಘದಿಂದ ಸಾಲ ಬೇಕು. ಲೆಕ್ಕ ಬರೆಯುವ ಹುಡುಗಿ ಲ್ಯಾಪ್‌ಟಾಪ್ ತೆರೆಯುತ್ತಾಳೆ. ಎಂ.ಬಿ.ಕೆ. ಅಂತ ಕರೀತೀರಲ್ಲ, ಆಕೆ. ಅರ್ಧ ಕೆಲಸ ಆಗುವಷ್ಟರಲ್ಲಿ ಅದು ತಾನಾಗಿ ಬಂದ್ ಆಗುತ್ತದೆ. ಮತ್ತೆ ಹಚ್ಚಿದರೆ ಚಾಲೂ ಆಗುತ್ತದೆ. ಮತ್ತೆ ಬಂದ್. "ನಾಳೆ ಬರ್ರಿ ಅಕ್ಕಾ" ಅನ್ನುತ್ತಾಳೆ. ನಾಳೆಯೂ ಹೀಗೇ.

ಒಂದು ದಿನ ಬಂದು ಹೋದರೆ ಒಂದು ದಿನದ ಕೂಲಿ ಹೋಯಿತು. ಮಳೆ ಕಾಯುವುದಿಲ್ಲ. ಬಿತ್ತನೆಯೂ ಕಾಯುವುದಿಲ್ಲ.

ಇನ್ನೊಂದು ಕೆಡುಕೂ ಆಗುತ್ತದೆ. ಜನ ಮಾತಾಡಲು ಶುರು ಮಾಡುತ್ತಾರೆ. "ಆಕೀನ ಕೆಡಸ್ಯಾಳ." "ಲೆಕ್ಕದಾಗ ಏನೋ ಅದ, ಅದಕ್ಕ ತೋರಿಸವಲ್ಳು." ಯಂತ್ರದ ತಪ್ಪು ಹುಡುಗಿಯ ತಲೆಗೆ ಬರುತ್ತದೆ. ಸಂಘ ನಿಂತಿರುವುದು ನಂಬಿಕೆಯ ಮೇಲೆ. ನಂಬಿಕೆ ಒಡೆದರೆ ಅದನ್ನು ಯಾವ ಅಂಗಡಿಯಲ್ಲೂ ರಿಪೇರಿ ಮಾಡುವುದಿಲ್ಲ.

ಅದಕ್ಕೇ ನಮಗೆ ಈ ಮಾತು ಬೇಕು. ನೀವೆಲ್ಲ ಮೆಕ್ಯಾನಿಕ್ ಆಗಬೇಕಾಗಿಲ್ಲ. ಆದರೆ ಏನು ಕೆಟ್ಟಿದೆ ಅಂತ ನೋಡಬೇಕು. ನೋಡಿದ್ದನ್ನು ಬರೆಯಬೇಕು. ಬರೆಯಲು ಈಗ ನಿಮಗೆ ಬರುತ್ತದೆ. ಅರ್ಧ ರಿಪೇರಿ ಅಲ್ಲೇ ಇದೆ.

ಒಳಗೆ ಏನೇನು ಇದೆ?

ಲ್ಯಾಪ್‌ಟಾಪ್ ಒಂದು ಸಣ್ಣ ಮನೆ ಇದ್ದ ಹಾಗೆ. ಮನೆಯಲ್ಲಿ ಏನೇನು ಇರುತ್ತದೆ?

ಕಾಳು ತುಂಬಿಡಲು ಹಗೇವು ಇರುತ್ತದೆ. ಲ್ಯಾಪ್‌ಟಾಪಿನ ಹಗೇವಿಗೆ ಹಾರ್ಡ್ ಡಿಸ್ಕ್ ಅಂತ ಹೆಸರು. ಸಂಘದ ಲೆಕ್ಕ ಇರುವುದು ಅಲ್ಲೇ. ಕರೆಂಟ್ ಹೋದರೂ ಅದು ಅಲ್ಲೇ ಉಳಿಯುತ್ತದೆ.

ಹಿಟ್ಟು ನಾದಲು ಪರಾತ ಇರುತ್ತದೆ. ಲ್ಯಾಪ್‌ಟಾಪಿನ ಪರಾತಕ್ಕೆ ರ್‍ಯಾಮ್ ಅಂತ ಹೆಸರು. ಆ ಹೊತ್ತಿನ ಕೆಲಸ ಅಲ್ಲಿ ನಡೆಯುತ್ತದೆ. ಯಂತ್ರ ಬಂದ್ ಮಾಡಿದರೆ ಪರಾತ ಖಾಲಿ. ಅದಕ್ಕೇ ಬರೆದದ್ದನ್ನು ಆಗಾಗ 'ಸೇವ್' ಮಾಡಬೇಕು. ಅಂದರೆ ಹಗೇವಿಗೆ ಹಾಕಬೇಕು.

ಲೆಕ್ಕ ಮಾಡುವ ಮಿದುಳು ಬೇರೆ ಇದೆ. ಅದಕ್ಕೆ ಪ್ರೊಸೆಸರ್ ಅನ್ನುತ್ತಾರೆ. ಕೆಲಸ ಮಾಡುತ್ತ ಅದು ಬಿಸಿಯಾಗುತ್ತದೆ. ಬಿಸಿ ಹೊರಗೆ ದೂಡಲು ಒಂದು ಸಣ್ಣ ಫ್ಯಾನು ಇರುತ್ತದೆ.

ಕರೆಂಟ್ ಹಿಡಿದಿಡಲು ಬ್ಯಾಟರಿ. ಕರೆಂಟ್ ಕೊಡಲು ಚಾರ್ಜರ್. ನೋಡಲು ಪರದೆ. ಬರೆಯಲು ಕೀಲಿಮಣೆ.

ಇಷ್ಟೇ. ದೆವ್ವ ಇಲ್ಲ, ಮಾಟ ಇಲ್ಲ. ಕೆಟ್ಟರೆ ಇವುಗಳಲ್ಲಿ ಒಂದು ಕೆಟ್ಟಿರಬೇಕು. ಇಲ್ಲವೇ ಒಳಗಿನ ಕಾರ್ಯಕ್ರಮ ಕೆಟ್ಟಿರಬೇಕು. ಅದಕ್ಕೆ ಸಾಫ್ಟ್‌ವೇರ್ ಅನ್ನುತ್ತಾರೆ.

ಒಮ್ಮೆ ಚಲೋ, ಒಮ್ಮೆ ಇಲ್ಲ

ಪೂರ್ತಿ ಕೆಟ್ಟ ಯಂತ್ರದ ರೋಗ ಬೇಗ ಸಿಗುತ್ತದೆ. ಒಮ್ಮೆ ನಡೆದು ಒಮ್ಮೆ ನಿಲ್ಲುವ ಯಂತ್ರವೇ ಕಷ್ಟ. ನಿಮ್ಮ ಊರಲ್ಲಿ ದಿನಕ್ಕೆ ಮೂರು ಸಲ ಬಂದ್ ಆಗುತ್ತದೆ. ಬಸ್ಸು ಹತ್ತಿ ರಾಯಚೂರಿಗೆ ಒಯ್ಯುತ್ತೀರಿ. ಅಂಗಡಿಯಲ್ಲಿ ಇಟ್ಟರೆ ಚಂದ ನಡೆಯುತ್ತದೆ! "ಏನೂ ಆಗಿಲ್ಲಮ್ಮಾ, ತಗೊಂಡು ಹೋಗ್ರಿ" ಅನ್ನುತ್ತಾರೆ. ಊರಿಗೆ ಬಂದರೆ ಮತ್ತೆ ಬಂದ್.

ಚಳಿಜ್ವರ ನೆನಪು ಮಾಡಿಕೊಳ್ಳಿ. ಮಲೇರಿಯಾ ಜ್ವರ ಬಿಟ್ಟು ಬಿಟ್ಟು ಬರುತ್ತದೆ. ಡಾಕ್ಟರ ಮುಂದೆ ಕೂತಾಗ ಮೈ ತಣ್ಣಗಿರಬಹುದು. ಅವರು ಏನು ಕೇಳುತ್ತಾರೆ? "ಜ್ವರ ಯಾವಾಗ ಬರ್ತದ? ಎಷ್ಟು ಹೊತ್ತು ಇರ್ತದ? ನಡುಕ ಬರ್ತದೇನು?" ಸರಿಯಾಗಿ ಹೇಳಿದರೆ ರೋಗ ಸಿಗುತ್ತದೆ. ಯಂತ್ರಕ್ಕೆ ಬಾಯಿ ಇಲ್ಲ. ಅದರ ಪರವಾಗಿ ನಾವೇ ಹೇಳಬೇಕು.

ಮೊದಲ ಕೆಲಸ: ಲೆಕ್ಕ ಉಳಿಸಿ

ಮನೆಗೆ ಬೆಂಕಿ ಬಿದ್ದರೆ ಮೊದಲು ಮಕ್ಕಳನ್ನು ಹೊರಗೆ ತರುತ್ತೇವೆ. ಪಾತ್ರೆ, ಪಗಡ ಆಮೇಲೆ. ಇಲ್ಲಿಯೂ ಹಾಗೆಯೇ.

ಲ್ಯಾಪ್‌ಟಾಪ್ ಒಂದು ಸಲ ತಪ್ಪು ತೋರಿಸಿದ ಕೂಡಲೆ ಸಂಘದ ಲೆಕ್ಕವನ್ನು ಪೆನ್ ಡ್ರೈವಿಗೆ ಹಾಕಿಸಿ. ಎರಡು ಪೆನ್ ಡ್ರೈವ್ ಇರಲಿ. ಒಂದು ಕಚೇರಿಯ ಬೀರುವಿನಲ್ಲಿ. ಇನ್ನೊಂದು ಅಧ್ಯಕ್ಷರ ಹತ್ತಿರ. ಮೇಲೆ ಚೀಟಿ ಅಂಟಿಸಿ ತಾರೀಕು ಬರೆಯಿರಿ. ನಕಲು ಸರಿಯಾಗಿ ತೆರೆಯುತ್ತದೆಯೇ ಅಂತ ಬೇರೆ ಕಂಪ್ಯೂಟರಿನಲ್ಲಿ ನೋಡಿ.

ಕೈಬರಹದ ಪುಸ್ತಕ ಬಿಡಬೇಡಿ. ಲ್ಯಾಪ್‌ಟಾಪ್ ಬಂತು ಅಂತ ಸಂಘದ ಪುಸ್ತಕವನ್ನು ಮೂಲೆಗೆ ಹಾಕಬಾರದು. ಯಂತ್ರ ಕೈಕೊಟ್ಟ ದಿನ ಪುಸ್ತಕವೇ ಕೈಹಿಡಿಯುತ್ತದೆ.

ಎರಡನೆಯ ಕೆಲಸ: ಬರೆದಿಡಿ

ಹತ್ತು ರೂಪಾಯಿಯ ಒಂದು ನೋಟ್‌ಬುಕ್ ತನ್ನಿರಿ. ಮೇಲೆ 'ಲ್ಯಾಪ್‌ಟಾಪ್ ಪುಸ್ತಕ' ಅಂತ ಬರೆಯಿರಿ. ಕೆಟ್ಟಾಗಲೆಲ್ಲ ಐದು ಮಾತು ಬರೆಯಿರಿ.

ತಾರೀಕು ಯಾವುದು? ಗಂಟೆ ಎಷ್ಟು? ಯಾವ ಕೆಲಸ ನಡೆದಿತ್ತು? ಚಾರ್ಜರ್ ಹಚ್ಚಿತ್ತೋ, ಬ್ಯಾಟರಿ ಮೇಲೆ ಇತ್ತೋ? ಏನು ಕಂಡಿತು, ಏನು ಕೇಳಿತು?

ಕೆಲವು ಸಲ ಪರದೆ ಪೂರ್ತಿ ನೀಲಿ ಅಥವಾ ಕಪ್ಪಾಗುತ್ತದೆ. ಅದರ ಮೇಲೆ ಇಂಗ್ಲಿಷ್ ಅಕ್ಷರ ಬರುತ್ತವೆ. ಓದಲು ಬರದಿದ್ದರೆ ಹೆದರಬೇಡಿ. ಮೊಬೈಲಿನಲ್ಲಿ ಅದರ ಫೋಟೋ ತೆಗೆಯಿರಿ. ರಿಪೇರಿ ಮಾಡುವವರಿಗೆ ಆ ಅಕ್ಷರಗಳೇ ದಾರಿ ತೋರಿಸುತ್ತವೆ.

ನಾವು ಹೇಳಿದ ಊರಿನ ಸಂಘ ಹೀಗೆ ಬರೆದಿದೆ ಅಂತ ತಿಳಿಯೋಣ.

ಸೋಮವಾರ, ಬೆಳಿಗ್ಗೆ 9 ಗಂಟೆ. ಒಂದು ತಾಸು ಕೆಲಸ ಮಾಡಿದೆವು. ಚಲೋ ನಡೆಯಿತು.

ಸೋಮವಾರ, ಮಧ್ಯಾಹ್ನ 2 ಗಂಟೆ. ಅರ್ಧ ತಾಸಿಗೆ ಬಂದ್ ಆಯಿತು. ಫ್ಯಾನು ಜೋರಾಗಿ ಸದ್ದು ಮಾಡುತ್ತಿತ್ತು. ತಳ ಸುಡುತ್ತಿತ್ತು.

ಮಂಗಳವಾರ, ಬೆಳಿಗ್ಗೆ 10 ಗಂಟೆ. ಚಲೋ ನಡೆಯಿತು.

ಮಂಗಳವಾರ, ಮಧ್ಯಾಹ್ನ 3 ಗಂಟೆ. ಮತ್ತೆ ಬಂದ್. ಕರೆಂಟ್ ಇತ್ತು. ಕೌದಿ ಮೇಲೆ ಇಟ್ಟಿದ್ದೆವು.

ಬುಧವಾರ, ಮಧ್ಯಾಹ್ನ 2 ಗಂಟೆ. ಹಲಗೆ ಮೇಲೆ ಇಟ್ಟೆವು. ಮೇಲೆ ಫ್ಯಾನು ಹಚ್ಚಿದೆವು. ಒಂದು ತಾಸು ಬಂದ್ ಆಗಲಿಲ್ಲ.

ಈಗ ಹೇಳ್ರಿ, ರೋಗ ಯಾವುದು? ಹೌದು. ಬಿಸಿ. ಐದು ಸಾಲು ಓದಿದ ಕೂಡಲೆ ನಿಮಗೇ ಹೊಳೆಯಿತು. ತಪ್ಪು ಹುಡುಗಿಯದಲ್ಲ ಅನ್ನುವುದೂ ಆ ಪುಸ್ತಕದಲ್ಲೇ ಇದೆ.

ಹೀಗೆ ಬರೆದಿಡುವುದು ದೊಡ್ಡವರ ರೀತಿ. ಒಂದು ನಿಜವಾದ ಕತೆ ಕೇಳಿ. ಅಮೆರಿಕದಲ್ಲಿ ಗ್ರೇಸ್ ಹಾಪರ್ ಎಂಬ ಹೆಣ್ಣುಮಗಳಿದ್ದರು. ಕಂಪ್ಯೂಟರಿನ ಮೊದಲ ಕಾಲದ ದೊಡ್ಡ ವಿದ್ವಾಂಸೆ. 1947ರ ಸೆಪ್ಟೆಂಬರ್ ತಿಂಗಳು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅವರ ತಂಡದ ಕಂಪ್ಯೂಟರ್ ಕೈಕೊಟ್ಟಿತು. ಆಗಿನ ಕಂಪ್ಯೂಟರ್ ಒಂದು ಕೋಣೆಯಷ್ಟು ದೊಡ್ಡದು. ತಂಡದವರು ಒಂದೊಂದೇ ಭಾಗ ಹುಡುಕಿದರು. ಒಳಗಿನ ಒಂದು ಸ್ವಿಚ್ಚಿನಲ್ಲಿ ದೀಪದ ಹುಳ ಸಿಕ್ಕಿ ಸತ್ತಿತ್ತು! ಹುಳ ತೆಗೆದರು. ಎಸೆಯಲಿಲ್ಲ. ದಿನಚರಿ ಪುಸ್ತಕದಲ್ಲಿ ಅಂಟಿಸಿದರು. ಗಂಟೆ ಎಷ್ಟು ಅಂತ ಪಕ್ಕದಲ್ಲಿ ಬರೆದರು. ಆ ಹಾಳೆಯನ್ನು ಅಮೆರಿಕದ ವಸ್ತು ಸಂಗ್ರಹಾಲಯದಲ್ಲಿ ಕಾದಿಟ್ಟಿದ್ದಾರೆ. ಯಂತ್ರದ ದೋಷಕ್ಕೆ ಇಂಗ್ಲಿಷಿನಲ್ಲಿ 'ಬಗ್' ಅನ್ನುತ್ತಾರೆ. ಬಗ್ ಅಂದರೆ ಹುಳ.

ಅಂಥ ವಿದ್ವಾಂಸರೇ ಪುಸ್ತಕದಲ್ಲಿ ಬರೆದಿಟ್ಟರು. ನಾವೂ ಬರೆದಿಡೋಣ.

ಮೂರನೆಯ ಕೆಲಸ: ಒಂದೊಂದೇ ನೋಡಿ

ಸಾರು ಕೆಟ್ಟಿತು ಅಂತ ಉಪ್ಪು, ಹುಳಿ, ಖಾರ ಎಲ್ಲ ಒಟ್ಟಿಗೆ ಹಾಕಿದರೆ ಏನಾಗುತ್ತದೆ? ಯಾವುದು ಕಡಿಮೆ ಇತ್ತು ಅಂತ ತಿಳಿಯುವುದೇ ಇಲ್ಲ. ಯಂತ್ರದಲ್ಲಿಯೂ ಒಂದು ಸಲಕ್ಕೆ ಒಂದೇ ಬದಲು ಮಾಡಿ. ಆಮೇಲೆ ನೋಡಿ. ಬರೆಯಿರಿ. ನಂತರ ಇನ್ನೊಂದು.

ಮೊದಲು ಕೇಳಿ: ಕೆಟ್ಟಿರುವುದು ಲ್ಯಾಪ್‌ಟಾಪೋ, ಸರ್ವರೋ?

"ಸರ್ವರ್ ಇಲ್ರೀ" ಅನ್ನುವ ಮಾತು ನಿಮಗೆ ಹಳೆಯದು. ಸರ್ವರ್ ಅಂದರೆ ದೂರದ ಊರಿನ ದೊಡ್ಡ ಕಂಪ್ಯೂಟರ್. ಅದು ನಿಂತರೆ ನಮ್ಮ ಲ್ಯಾಪ್‌ಟಾಪ್ ತಪ್ಪಿಲ್ಲ. ನೆಟ್ ಇಲ್ಲದಿದ್ದರೂ ಅದರ ತಪ್ಪಿಲ್ಲ. ನೆಟ್ ಬೇಡದ ಒಂದು ಕೆಲಸ ಮಾಡಿ ನೋಡಿ. ಅದು ಚಲೋ ನಡೆದರೆ ಲ್ಯಾಪ್‌ಟಾಪ್ ಅಂಗಡಿಗೆ ಒಯ್ಯುವುದು ಬೇಡ.

ಇನ್ನೊಂದು ವಿಚಿತ್ರ ನೋಡಿ. ಕೆಲವು ಹಳೆ ಲ್ಯಾಪ್‌ಟಾಪ್ ಹಚ್ಚಿದಾಗಲೆಲ್ಲ ಹಿಂದಿನ ಯಾವುದೋ ವರ್ಷದ ತಾರೀಕು ತೋರಿಸುತ್ತವೆ. ತಾರೀಕು ತಪ್ಪಿದ್ದರೆ ನೆಟ್ ಇದ್ದರೂ ಸರ್ಕಾರಿ ಪುಟ, ಬ್ಯಾಂಕಿನ ಪುಟ ತೆರೆಯುವುದಿಲ್ಲ. ಒಳಗೆ ಗಡಿಯಾರಕ್ಕೆ ಅಂತಲೇ ನಾಣ್ಯದಂಥ ಸಣ್ಣ ಬ್ಯಾಟರಿ ಇರುತ್ತದೆ. ಅದು ತೀರಿರುತ್ತದೆ. ಬಹಳ ಸಲ ಅದನ್ನು ಬದಲಿಸಿದರೆ ಸಾಕು, ಖರ್ಚು ಕಡಿಮೆ.

ಚಾರ್ಜರ್ ಮತ್ತು ಪ್ಲಗ್ಗು

ಲ್ಯಾಪ್‌ಟಾಪ್ ಹತ್ತುವುದೇ ಇಲ್ಲ ಅಂದರೆ ಮೊದಲು ಪ್ಲಗ್ಗು ನೋಡಿ. ಅದೇ ಪ್ಲಗ್ಗಿಗೆ ಮೊಬೈಲ್ ಹಚ್ಚಿ. ಮೊಬೈಲ್ ಚಾರ್ಜ್ ಆಗದಿದ್ದರೆ ತಪ್ಪು ಪ್ಲಗ್ಗಿನದು. ವೈರ್ ಎಲ್ಲಾದರೂ ಸುಲಿದಿದೆಯೇ, ಇಲಿ ಕಡಿದಿದೆಯೇ ನೋಡಿ. ಸುಲಿದಿದ್ದರೆ ಮುಟ್ಟಬೇಡಿ. ಬಟನ್ ಬಂದ್ ಮಾಡಿ ತೆಗೆಯಿರಿ.

ಆಮೇಲೆ ಹೀಗೆ ಮಾಡಿ. ಚಾರ್ಜರ್ ಕಿತ್ತಿಡಿ. ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆಯಿರಿ. ಹಚ್ಚುವ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಖಾಲಿ ಆಗುತ್ತದೆ. ಮತ್ತೆ ಎಲ್ಲ ಹಚ್ಚಿ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಯಂತ್ರ ಎದ್ದು ಕೂರುತ್ತದೆ.

ಬೇರೆ ಚಾರ್ಜರ್ ಹಚ್ಚುವುದಾದರೆ ಮೊದಲು ಅದರ ಮೇಲಿನ ಅಂಕಿ ಓದಿ. ನಿಮಗೆ ಅಂಕಿ ಓದಲು ಬರುತ್ತದಲ್ಲ! ಔಟ್‌ಪುಟ್ ಅಂತ ಬರೆದ ಕಡೆ ವೋಲ್ಟ್ ಅಂಕಿ ಇರುತ್ತದೆ. ಹಳೆ ಚಾರ್ಜರ್ ಮತ್ತು ಹೊಸ ಚಾರ್ಜರ್ ಎರಡರಲ್ಲೂ ವೋಲ್ಟ್ ಒಂದೇ ಇರಬೇಕು. ಆಂಪಿಯರ್ ಅಂಕಿ ಅಷ್ಟೇ ಇರಬೇಕು, ಇಲ್ಲವೇ ಹೆಚ್ಚಿರಬೇಕು. ಕಡಿಮೆ ಇರಬಾರದು. ಮೊಬೈಲ್ ಚಾರ್ಜರಿನಂಥ ತುದಿ ಇದ್ದರೆ ಕಂಪನಿ ಹೇಳಿದ ಚಾರ್ಜರನ್ನೇ ಹಚ್ಚಿ.

ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ ಕರೆಂಟ್ ತಯಾರಾಗುತ್ತದೆ. 1985ರಿಂದ ಅಲ್ಲಿ ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುತ್ತಿದ್ದಾರೆ. ಆದರೂ ಹಳ್ಳಿಯಲ್ಲಿ ಕರೆಂಟ್ ಹೋಗಿ ಬರುವುದು ನಮಗೆ ಹೊಸದಲ್ಲ. ಕರೆಂಟ್ ಹೋದ ಕ್ಷಣವೇ ಲ್ಯಾಪ್‌ಟಾಪೂ ಬಂದ್ ಆದರೆ ಬ್ಯಾಟರಿ ಸೋತಿದೆ ಅಂತ ತಿಳಿಯಿರಿ. ಗುಡುಗು ಸಿಡಿಲು ಇದ್ದಾಗ ಚಾರ್ಜರ್ ಕಿತ್ತಿಡಿ. ಮುಟ್ಟಿದರೆ ಕೈ ಜುಮ್ ಅಂದರೆ ಪ್ಲಗ್ಗಿನ ಅರ್ಥಿಂಗ್ ನೋಡಲು ಎಲೆಕ್ಟ್ರಿಷಿಯನ್ನರಿಗೆ ಹೇಳಿ.

ಬ್ಯಾಟರಿ ಉಬ್ಬಿದರೆ ನಿಲ್ಲಿಸಿ

ಇದು ಬಹಳ ಮುಖ್ಯ. ಲ್ಯಾಪ್‌ಟಾಪ್ ಮುಚ್ಚಳ ಸರಿಯಾಗಿ ಮುಚ್ಚುವುದಿಲ್ಲವೇ? ಬೆರಳಾಡಿಸುವ ಪಟ್ಟಿ ಮೇಲೆ ಎದ್ದಿದೆಯೇ? ತಳ ಉಬ್ಬಿದೆಯೇ? ಹಾಗಿದ್ದರೆ ಒಳಗಿನ ಬ್ಯಾಟರಿ ಉಬ್ಬಿರಬಹುದು. ಕೂಡಲೆ ಬಂದ್ ಮಾಡಿ. ಚಾರ್ಜ್ ಮಾಡಬೇಡಿ. ಒತ್ತಬೇಡಿ. ಚುಚ್ಚಬೇಡಿ. ಚುಚ್ಚಿದರೆ ಬೆಂಕಿ ಹತ್ತುತ್ತದೆ. ಒಲೆ, ಸೀಮೆಎಣ್ಣೆ, ಹತ್ತಿ ಇರುವ ಕಡೆ ಇಡಬೇಡಿ. ಮಕ್ಕಳ ಕೈಗೆ ಕೊಡಬೇಡಿ. ರಿಪೇರಿಯವರಿಗೆ ಮೊದಲೇ ಫೋನ್ ಮಾಡಿ, ಕೇಳಿ ಒಯ್ಯಿರಿ. ಹಳೆ ಬ್ಯಾಟರಿಯನ್ನು ತಿಪ್ಪೆಗೆ ಎಸೆಯಬಾರದು. ಸುಡಬಾರದು.

ಬಿಸಿಲು ಮತ್ತು ಧೂಳು

ನಮ್ಮ ಬಿಸಿಲು ನಿಮಗೆ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿ 40 ಡಿಗ್ರಿ ದಾಟುತ್ತದೆ. ಬಹಳಷ್ಟು ಲ್ಯಾಪ್‌ಟಾಪ್ ಕಂಪನಿಗಳು ಸುತ್ತಲಿನ ಬಿಸಿ 35 ಡಿಗ್ರಿ ಒಳಗೆ ಇರಲಿ ಅನ್ನುತ್ತವೆ. ಹಾಗಾದರೆ ನಮ್ಮ ಬೇಸಿಗೆ ಮಧ್ಯಾಹ್ನ ಅದಕ್ಕೆ ಎಷ್ಟು ಸೆಕೆ ಆಗಬೇಡ! ಒಳಗೆ ಬಹಳ ಬಿಸಿಯಾದರೆ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ಬಂದ್ ಆಗುತ್ತದೆ.

ಜೊತೆಗೆ ಧೂಳು. ನಮ್ಮಲ್ಲಿ ಹತ್ತಿ ಇದೆ. ಅಕ್ಕಿ ಗಿರಣಿ ಇದೆ. ಮೆಣಸಿನಕಾಯಿ ಇದೆ. ಹತ್ತಿಯ ನೂಲು, ತೌಡಿನ ಧೂಳು ಗಾಳಿಯಲ್ಲಿ ಬಂದು ಲ್ಯಾಪ್‌ಟಾಪಿನ ಕಿಂಡಿಯಲ್ಲಿ ಕೂರುತ್ತವೆ. ಫ್ಯಾನು ತಿರುಗಿದರೂ ಬಿಸಿ ಹೊರಗೆ ಹೋಗುವುದಿಲ್ಲ. ಹೊಗೆ ಕಿಂಡಿ ಮುಚ್ಚಿದ ಅಡುಗೆಮನೆಯ ಹಾಗೆ.

ಏನು ಮಾಡಬೇಕು? ಕೌದಿ, ಹಾಸಿಗೆ, ತೊಡೆಯ ಮೇಲೆ ಇಡಬೇಡಿ. ಗಟ್ಟಿ ಹಲಗೆ ಮೇಲೆ ಇಡಿ. ಬೇಸಿಗೆಯಲ್ಲಿ ದೊಡ್ಡ ಕೆಲಸ ಬೆಳಿಗ್ಗೆಯೇ ಮುಗಿಸಿ. ವಾರಕ್ಕೊಮ್ಮೆ ಬಂದ್ ಮಾಡಿ, ಚಾರ್ಜರ್ ಕಿತ್ತು, ಒಣ ಮೆತ್ತನೆಯ ಬ್ರಶ್ಶಿನಿಂದ ಕಿಂಡಿಯ ಧೂಳು ತೆಗೆಯಿರಿ. ಬಾಯಿಂದ ಊದಬೇಡಿ, ಎಂಜಲಿನ ಹನಿ ಹೋಗುತ್ತದೆ. ಒದ್ದೆ ಬಟ್ಟೆ ಬೇಡ. ಒಳಗಿನ ಧೂಳನ್ನು ಬಲ್ಲವರಿಂದ ವರ್ಷಕ್ಕೊಮ್ಮೆ ತೆಗೆಸಿ.

ಹಗೇವು ಮತ್ತು ಪರಾತ

ಲೆಕ್ಕದ ಕಡತ ತೆರೆಯಲು ಬಹಳ ಹೊತ್ತು ಬೇಕೇ? ಕಡತಗಳು ಕಾಣೆಯಾಗುತ್ತಿವೆಯೇ? ಒಳಗಿನಿಂದ ಟಿಕ್ ಟಿಕ್ ಸದ್ದು ಬರುತ್ತದೆಯೇ? ಆಗ ಹಾರ್ಡ್ ಡಿಸ್ಕ್ ಕೆಡುತ್ತಿದೆ ಅಂತ ಅನುಮಾನ ಪಡಿ. ಬೇರೆ ಯಾವ ಕೆಲಸವೂ ಬೇಡ. ನಡೆಯುತ್ತಿರುವಾಗಲೇ ಲೆಕ್ಕ ನಕಲು ಮಾಡಿ, ಬಂದ್ ಮಾಡಿ. ಸದ್ದು ಜೋರಿದ್ದು ಕಡತ ತೆರೆಯದಿದ್ದರೆ ಮತ್ತೆ ಮತ್ತೆ ಹಚ್ಚಬೇಡಿ. ಬಲ್ಲವರಿಗೆ ಕೊಡಿ. ಹೊಸ ಬಗೆಯ ಡಿಸ್ಕಿಗೆ ಎಸ್.ಎಸ್.ಡಿ. ಅನ್ನುತ್ತಾರೆ. ಅದು ಸದ್ದು ಮಾಡುವುದಿಲ್ಲ. ಹೇಳದೆ ಕೇಳದೆ ಕೆಡಬಹುದು. ಅದಕ್ಕೇ ವಾರಕ್ಕೊಮ್ಮೆ ನಕಲು ಬೇಕೇ ಬೇಕು.

ರ್‍ಯಾಮ್ ಕೆಟ್ಟರೆ ಬೇರೆ ಲಕ್ಷಣ. ಬಿಸಿ ಇಲ್ಲ, ಕರೆಂಟ್ ಇದೆ. ಆದರೂ ನಡುವೆ ಪರದೆ ನೀಲಿ ಆಗುತ್ತದೆ. ಒಂದೊಂದು ಸಲ ಒಂದೊಂದು ಬರಹ ಬರುತ್ತದೆ. ಕೆಲವು ಯಂತ್ರಗಳಲ್ಲಿ ಹಚ್ಚಿದಾಗ ಬೀಪ್ ಬೀಪ್ ಅನ್ನುತ್ತದೆ. ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ಇದನ್ನು ಪರೀಕ್ಷೆ ಮಾಡುವ ಸೌಕರ್ಯ ಒಳಗೇ ಇದೆ. ಅದಕ್ಕೆ 'ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್' ಅನ್ನುತ್ತಾರೆ. ಲೆಕ್ಕ ಬರೆಯುವ ಹುಡುಗಿಗೆ ಹೇಳಿ, ಸಂಜೆ ಹಚ್ಚಿಡಲಿ. ಅದು ತಾನೇ ನೋಡಿ ಹೇಳುತ್ತದೆ. ಕೆಲವು ಸಲ ರ್‍ಯಾಮ್ ಪಟ್ಟಿ ಸಡಿಲ ಆಗಿರುತ್ತದೆ ಅಷ್ಟೇ. ತೆಗೆದು, ಒರೆಸಿ, ಮತ್ತೆ ಕೂರಿಸಿದರೆ ಸರಿಯಾಗುತ್ತದೆ. ಈ ಕೆಲಸ ಬಲ್ಲವರ ಕೈಯಲ್ಲಿ ಆಗಲಿ.

ಪರದೆ ಕಪ್ಪಾದರೆ

ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಆಗ ಲೆಕ್ಕ ಹೋಯಿತು ಅಂತ ಎದೆ ಒಡೆದುಕೊಳ್ಳಬೇಡಿ. ಎಚ್‌ಡಿಎಂಐ ಕೇಬಲ್ಲಿನಿಂದ ಲ್ಯಾಪ್‌ಟಾಪನ್ನು ಟಿ.ವಿ.ಗೆ ಹಚ್ಚಿ. ಟಿ.ವಿ.ಯಲ್ಲಿ ಚಿತ್ರ ಬಂದರೆ ಒಳಗಿನದೆಲ್ಲ ಕ್ಷೇಮ. ಪರದೆ ಅಥವಾ ಅದರ ಕೇಬಲ್ ಕೆಟ್ಟಿದೆ. ಮುಚ್ಚಳ ಅಲುಗಾಡಿಸಿದಾಗ ಗೆರೆ ಬಂದು ಹೋದರೆ ಕೇಬಲ್ ಮೇಲೆ ಅನುಮಾನ ಹೆಚ್ಚು.

ಅಂಗಡಿಗೆ ಹೋದಾಗ

ಒಬ್ಬರೇ ಹೋಗಬೇಡಿ. ಇಬ್ಬರು ಹೋಗಿ. ಲ್ಯಾಪ್‌ಟಾಪ್ ಪುಸ್ತಕ ಒಯ್ಯಿರಿ. "ಕೆಟ್ಟದ, ನೋಡ್ರಿ" ಅಂದರೆ ಅವರು ಏನು ಬೇಕಾದರೂ ಹೇಳಬಹುದು. "ಮಧ್ಯಾಹ್ನ ಅಷ್ಟೇ ಬಂದ್ ಆಗ್ತದ. ಹಲಗಿ ಮ್ಯಾಲೆ ಇಟ್ರ ನಡೀತದ. ಫ್ಯಾನಿನ ಧೂಳು ನೋಡ್ರಿ" ಅಂದರೆ ಅವರೂ ಗೌರವದಿಂದ ಕೇಳುತ್ತಾರೆ. ಒಳ್ಳೆಯ ಮೆಕ್ಯಾನಿಕ್‌ಗೆ ಇಂಥ ಗಿರಾಕಿ ಬಂದರೆ ಖುಷಿ. ಅವರ ಹೊತ್ತೂ ಉಳಿಯುತ್ತದೆ.

ಗ್ಯಾರಂಟಿ ಇನ್ನೂ ಇದೆಯೇ ನೋಡಿ. ಇದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಒಯ್ಯಿರಿ. ಲ್ಯಾಪ್‌ಟಾಪ್ ಸರ್ಕಾರದಿಂದ ಬಂದಿದ್ದರೆ ನೀವಾಗಿ ಬಿಚ್ಚಿಸಬೇಡಿ. ಕೊಟ್ಟ ಕಚೇರಿಗೆ ಅರ್ಜಿ ಬರೆಯಿರಿ. ಒಂದು ನಕಲು ಇಟ್ಟುಕೊಳ್ಳಿ.

ಬಿಟ್ಟು ಬರುವಾಗ ರಸೀದಿ ಕೇಳಿ. ಅದರಲ್ಲಿ ಲ್ಯಾಪ್‌ಟಾಪ್ ನಂಬರ್ ಇರಲಿ. ಅದು ತಳದ ಚೀಟಿಯಲ್ಲಿ ಇರುತ್ತದೆ. ಏನು ರಿಪೇರಿ, ಎಷ್ಟು ಖರ್ಚು ಅಂತ ಮೊದಲೇ ಬರೆಸಿ. ಬದಲಿಸಿದ ಹಳೆ ಭಾಗ ತೋರಿಸಲು ಹೇಳಿ. ಬಿಲ್ ಪಡೆಯಿರಿ. ಸಂಘದ ಬ್ಯಾಂಕ್ ಪಾಸ್‌ವರ್ಡ್, ಒಟಿಪಿ ಯಾರಿಗೂ ಹೇಳಬೇಡಿ. ರಿಪೇರಿಗೆ ಅದು ಬೇಕಾಗುವುದಿಲ್ಲ.

ಮೋಸ ಆಯಿತು ಅನಿಸಿದರೆ ಸುಮ್ಮನಿರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. 1915 ನಂಬರಿಗೆ ಫೋನ್ ಮಾಡಿ ಕೇಳಬಹುದು. ರಾಯಚೂರಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. 2 ವರ್ಷದ ಒಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕ ಇಲ್ಲ. ರಸೀದಿ, ಬಿಲ್ಲು, ನಿಮ್ಮ ಪುಸ್ತಕ, ಇವೇ ನಿಮ್ಮ ಸಾಕ್ಷಿ.

ಖರ್ಚು ಬಹಳ ಆದರೆ? ರಿಪೇರಿ ಮಾಡಿಸಬೇಕೋ, ಹೊಸದು ತರಬೇಕೋ? ಒಬ್ಬರೇ ತೀರ್ಮಾನ ಮಾಡಬೇಡಿ. ಸಭೆಯಲ್ಲಿ ಪುಸ್ತಕ ಓದಿ ಹೇಳಿ. ಎಲ್ಲರೂ ಸೇರಿ ಠರಾವು ಬರೆಯಿರಿ.

ಹೆಣ್ಣುಮಕ್ಕಳಿಗೆ ಆಗುತ್ತದೆಯೇ?

ಆಗುತ್ತದೆ. ಉತ್ತರ ಪ್ರದೇಶದಲ್ಲಿ ಬಾಂದಾ ಎಂಬ ಜಿಲ್ಲೆ ಇದೆ. ನಮ್ಮ ಹಾಗೇ ಬಿಸಿಲ ನಾಡು. ಊರಿನ ಹ್ಯಾಂಡ್‌ಪಂಪ್ ಕೆಟ್ಟರೆ ನೀರಿಲ್ಲ. ಮೆಕ್ಯಾನಿಕ್ ಬರುವವರೆಗೆ ದೂರದಿಂದ ಕೊಡ ಹೊರಬೇಕು. ಕೊಡ ಹೊರುವವರು ಯಾರು? ಹೆಂಗಸರು. 1990ರ ದಶಕದ ಆರಂಭದಲ್ಲಿ ಅಲ್ಲಿನ ಹೆಂಗಸರು ಪಾನಾ ಹಿಡಿದರು. ಪಂಪ್ ಬಿಚ್ಚಿ ಜೋಡಿಸಲು ಕಲಿತರು. ಮಹಿಳಾ ಸಮಾಖ್ಯಾ ಕಾರ್ಯಕ್ರಮ ಅವರ ಬೆನ್ನಿಗೆ ನಿಂತಿತು. ಆ ಕಾರ್ಯಕ್ರಮ 1989ರಲ್ಲಿ ನಮ್ಮ ಕರ್ನಾಟಕದಲ್ಲಿಯೂ ಶುರುವಾಗಿತ್ತು. ಬಾಂದಾದ ಹೆಂಗಸರಲ್ಲಿ ಬಹಳ ಮಂದಿಗೆ ಆಗ ಓದು ಬರುತ್ತಿರಲಿಲ್ಲ. ಮುಂದೆ ಅಕ್ಷರವನ್ನೂ ಕೇಳಿ ಕಲಿತರು. 'ಮಹಿಳಾ ಡಾಕಿಯಾ' ಎಂಬ ಪತ್ರಿಕೆಯನ್ನೂ ಅಲ್ಲಿನ ಹೆಂಗಸರು ಹೊರಡಿಸಿದರು.

ಅವರು ಪಾನಾ ಮೊದಲು ಹಿಡಿದು ಪೆನ್ಸಿಲ್ ಆಮೇಲೆ ಹಿಡಿದರು. ನಿಮ್ಮ ಕೈಯಲ್ಲಿ ಪೆನ್ಸಿಲ್ ಈಗಾಗಲೇ ಇದೆ.

ಹೊಲಿಗೆ ಮಷಿನ್ ದಾರ ಕಡಿದರೆ ನೀವು ಸೂಜಿ ನೋಡುತ್ತೀರಿ. ಬೋರಿನ ಮೋಟಾರು ಗುರ್ ಅಂದರೆ ಕರೆಂಟ್ ಕಡಿಮೆ ಇದೆ ಅನ್ನುತ್ತೀರಿ. ಎಮ್ಮೆ ಮೇವು ಬಿಟ್ಟರೆ ಮೈ ಮುಟ್ಟಿ ನೋಡುತ್ತೀರಿ. ನೋಡುವ ಕಣ್ಣು ನಿಮಗೆ ಮೊದಲಿನಿಂದ ಇದೆ. ಬರೆಯುವ ಕೈ ಈಗ ಬಂದಿದೆ. ಎರಡೂ ಸೇರಿದರೆ ಲ್ಯಾಪ್‌ಟಾಪ್ ಏನು ದೊಡ್ಡದು?

ಮುಂದಿನ ಸಭೆಗೆ ಪ್ರತಿ ಸಂಘವೂ ಒಂದು ನೋಟ್‌ಬುಕ್ ತರಲಿ. ಮೊದಲ ಪುಟದಲ್ಲಿ ನಿಮ್ಮ ಲ್ಯಾಪ್‌ಟಾಪ್ ನಂಬರ್ ಬರೆಯಿರಿ. ಎರಡನೆಯ ಪುಟದಲ್ಲಿ ನಕಲು ಮಾಡಿದ ತಾರೀಕು ಬರೆಯಿರಿ. ಅಲ್ಲಿಂದ ಶುರು ಮಾಡೋಣ.

 

ನೆನಪಿಡಿ

1. ಮೊದಲು ಲೆಕ್ಕದ ನಕಲು, ಆಮೇಲೆ ರಿಪೇರಿ.
2. ಕೆಟ್ಟಾಗಲೆಲ್ಲ ತಾರೀಕು, ಗಂಟೆ ಬರೆಯಿರಿ.
3. ಒಂದು ಸಲಕ್ಕೆ ಒಂದೇ ಬದಲು ಮಾಡಿ.
4. ಉಬ್ಬಿದ ಬ್ಯಾಟರಿ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ.
5. ರಸೀದಿ, ಬಿಲ್ಲು ಇಲ್ಲದೆ ಅಂಗಡಿಯಿಂದ ಬರಬೇಡಿ.

ಕೂತು ಮಾತಾಡಿ

1. ನಿಮ್ಮ ಸಂಘದ ಲೆಕ್ಕ ಎಲ್ಲೆಲ್ಲಿ ಇದೆ? ನಕಲು ಯಾರ ಹತ್ತಿರ ಇದೆ?
2. ಲ್ಯಾಪ್‌ಟಾಪ್ ಕೆಟ್ಟ ದಿನ ಸಾಲದ ಕೆಲಸ ನಿಲ್ಲದಂತೆ ಏನು ಮಾಡಬಹುದು?
3. ನಿಮ್ಮ ಮನೆಯಲ್ಲಿ ಕೆಟ್ಟ ಒಂದು ವಸ್ತುವಿನ ಬಗ್ಗೆ ಐದು ಸಾಲು ಬರೆಯಿರಿ.